ಹೊಲಿಯದೇ ಉಳಿದ ನಲವತ್ತೊಂದನೆಯ ಸಂಪುಟ

ಬೆಳಗಿನ ಐದೂ ಮುಕ್ಕಾಲು. ಕಾಲೇಜು ಗ್ರಂಥಾಲಯದ ಮೆಟ್ಟಿಲುಗಳ ಅಡಿಯಲ್ಲಿ, ಎತ್ತರದ ಆಳು ನಿಂತರೆ ತಲೆ ತಾಗುವಷ್ಟು ತಗ್ಗಿನ ಕೋಣೆಯೊಂದರಲ್ಲಿ, ಪುಟ್ಟ ಒಲೆಯ ಮೇಲೆ ಹಿಟ್ಟಿನ ಅಂಟು ಕುದಿಯುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಕಾಗದದ ಪೊಟ್ಟಣ ಬಿಡಿಸಿ ಒಂದು ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಗಂಟಾಗದಂತೆ ಕೈಬಿಡದೆ ತಿರುವುತ್ತಾರೆ. ಮೈಲುತುತ್ತ ಬಿದ್ದ ಅಂಟನ್ನು ಹುಳು ಮುಟ್ಟುವುದಿಲ್ಲ. ಇಡೀ ಕಾಲೇಜು ಇವರನ್ನು ಸೂಜಿಯಕ್ಕ ಎಂದು ಕರೆಯುತ್ತದೆ. ಕೈಯಲ್ಲಿ ಸದಾ ಸೂಜಿ ಇರುವುದರಿಂದ ಬಂದ ಹೆಸರು ಎಂದು ಅವರ ನಂಬಿಕೆ. ನಾಲಿಗೆಯಲ್ಲೂ ಒಂದಿದೆ ಎಂಬುದು ವಿದ್ಯಾರ್ಥಿಗಳ ಅಂಬೋಣ.

ಮೇಜಿನ ಮೇಲೆ, ಕಬ್ಬಿಣದ ಭಾರದಡಿ, ವಿದ್ಯಾರ್ಥಿಗಳ ಪತ್ರಿಕೆಯ ಈ ವರ್ಷದ ಹತ್ತೊಂಬತ್ತು ಸಂಚಿಕೆಗಳು ಕೂತಿವೆ. ಇಪ್ಪತ್ತನೆಯದು, ವರ್ಷದ ಕೊನೆಯದು, ಶನಿವಾರ ಬರಬೇಕು. ರಟ್ಟು ಕತ್ತರಿಸಿಟ್ಟಾಗಿದೆ. ದಾರಕ್ಕೆ ಮೇಣ ಎಳೆದಾಗಿದೆ. ಬೇರೆ ವರ್ಷಗಳಲ್ಲಾದರೆ ಕೈಗೆ ಬಂದಷ್ಟನ್ನು ಹೊಲಿದಿಟ್ಟು, ಕೊನೆಯ ಸಂಚಿಕೆಯೊಂದಕ್ಕೆ ಕಾಯುತ್ತಿದ್ದರು. ಈ ಸಲ ಒಂಬತ್ತು ದಿನಗಳಿಂದ ಸೂಜಿ ಒಳಗೆ ಹೋಗಿಲ್ಲ. ಪ್ರತಿ ಬೆಳಗ್ಗೆ ಅವರು ಭಾರ ಎತ್ತುತ್ತಾರೆ, ಪುಟಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಹದಿನಾರನೆಯ ಸಂಚಿಕೆ ಬಂದಾಗ ಕೈ ನಿಲ್ಲುತ್ತದೆ, ಮತ್ತೆ ಭಾರ ಹೇರುತ್ತಾರೆ.

ಬುಧವಾರ ಆರೂವರೆಗೇ ಗ್ರಂಥಪಾಲಕರು ಬಾಗಿಲಲ್ಲಿ ಬಗ್ಗಿ ನಿಂತಿದ್ದಾರೆ. ಒಳಗೆ ಬಂದರೆ ತಲೆ ತಾಗುತ್ತದೆ ಎಂಬುದನ್ನು ಹನ್ನೆರಡು ವರ್ಷಗಳಲ್ಲಿ ಅವರು ನೋವುಂಡೇ ಕಲಿತಿದ್ದಾರೆ.

"ಇನ್ನೂ ಹೊಲಿದಿಲ್ವಾ ಅಕ್ಕ?"

"ಇಲ್ಲ ಸರ್."

"ಸೋಮವಾರ ಪ್ರದರ್ಶನ. ನಲವತ್ತು ಸಂಪುಟ ಜೋಡಿಸಿ, ನಲವತ್ತೊಂದನೇದಕ್ಕೆ ಬರೀ ಮೇಜು ತೋರಿಸ್ಲಾ?"

"ತೋರಿಸಿ ಸರ್. ಕೇಳಿದವರಿಗೆ ಕಾರಣಾನೂ ಹೇಳಿ."

ಅವರು ದನಿ ತಗ್ಗಿಸುತ್ತಾರೆ. "ನಿಮ್ಮ ಕರಾರಿನ ಕಾಗದ ಈ ತಿಂಗಳೇ ಮೇಲಿನವರ ಮೇಜಿಗೆ ಹೋಗೋದು. ನಾನು ನಿಮ್ಮನ್ನ ಹೆದರಿಸ್ತಿಲ್ಲ. ನಾನೇ ಹೆದರ್ಕೊಂಡು ಹೇಳ್ತಿದೀನಿ."

ಮೂವತ್ತೆಂಟು ವರ್ಷ ದುಡಿದ ಈ ಹೆಂಗಸಿಗೆ ಕಾಲೇಜು ಇಂದಿಗೂ ಹನ್ನೊಂದು ತಿಂಗಳ ಕರಾರಿನ ಮೇಲೆಯೇ ಕೆಲಸ ಕೊಡುತ್ತಿದೆ. ಹನ್ನೆರಡನೆಯ ತಿಂಗಳು ಪ್ರತಿವರ್ಷವೂ ಅವರಿಗೆ ಉಸಿರು ಬಿಗಿಹಿಡಿಯುವ ತಿಂಗಳು. ಪುಸ್ತಕಗಳ ಬೆನ್ನನ್ನು ನೆಟ್ಟಗೆ ನಿಲ್ಲಿಸಿದವರ ಬೆನ್ನಿಗೆ ಯಾರೂ ನಿಲ್ಲದ ಈ ಏರ್ಪಾಡನ್ನು ನಿಯಮವೆಂದು ಕರೆಯುವವರು ಕರೆಯಲಿ. ನಾಚಿಕೆಗೇಡು ಎಂಬುದೇ ಅದರ ಸರಿಯಾದ ಹೆಸರು.

ಒಂದು ಸಂಪುಟವನ್ನು ಹೊಲಿಯದೆ ಇಡಲು ಕಾರಣವೇನು? ಒಂದೇ ಒಂದು ಅಕ್ಷರ.

ಹದಿನಾರನೆಯ ಸಂಚಿಕೆಯ ಮೂರನೆಯ ಪುಟದಲ್ಲಿ ನಾಲ್ಕು ಕಾಲಮಿನಷ್ಟು ಅಗಲದ ಶೀರ್ಷಿಕೆಯಿದೆ: "ಲ್ಯಾಬ್ ಸಹಾಯಕ ದಿಢೀರ್ ವಜಾ, ಪ್ರಾಯೋಗಿಕ ತರಗತಿ ಅಸ್ತವ್ಯಸ್ತ". ಬರೆದ ವಿದ್ಯಾರ್ಥಿಯ ಮನಸ್ಸಿನಲ್ಲಿದ್ದದ್ದು ರಜಾ. ಬೆರಳು ಒತ್ತಿದ್ದು ವಜಾ. ಅರ್ಥವಿಲ್ಲದ ತಪ್ಪಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಈ ತಪ್ಪಿಗೆ ಅರ್ಥವಿತ್ತು, ಆದ್ದರಿಂದ ಸಂಪಾದಕ ಮಂಡಳಿಯ ಆರು ಜನರ ಕಣ್ಣೆದುರೇ ಅದು ಸರಾಗವಾಗಿ ದಾಟಿಹೋಯಿತು. ಎಂಟುನೂರು ಪ್ರತಿಗಳು ಅಚ್ಚಾದವು.

ಆ ಸಹಾಯಕರನ್ನು ಎಲ್ಲರೂ ಲ್ಯಾಬಣ್ಣ ಎನ್ನುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಗಾಜಿನ ಕೊಳವೆ ತೊಳೆದು, ಆಮ್ಲದ ಶೀಸೆಗಳಿಗೆ ಚೀಟಿ ಅಂಟಿಸಿ, ಹೊಸಬರ ಕೈ ಸುಡದಂತೆ ಕಾದವರು. ಸೂಜಿಯಕ್ಕನ ಅಂಟಿಗೆ ಬೇಕಾದ ಮೈಲುತುತ್ತವನ್ನು ಮುಖ್ಯಸ್ಥರ ಅನುಮತಿ ಪಡೆದು ತಿಂಗಳಿಗೊಂದು ಪೊಟ್ಟಣದಂತೆ ತಂದುಕೊಡುವವರೂ ಅವರೇ. ಪತ್ರಿಕೆ ಅವರನ್ನು ವಜಾ ಮಾಡಿದ ದಿನ ಅವರು ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ರಜೆಯ ಅರ್ಜಿಗೆ ಸಹಿ ಬಿದ್ದು ಎರಡು ವಾರವಾಗಿತ್ತು. ಇದು ಸೂಜಿಯಕ್ಕನಿಗೆ ಗೊತ್ತಿರಲು ಕಾರಣ, ಆ ವಾರ್ಡಿನ ನರ್ಸು ಸೂಜಿಯಕ್ಕನದೇ ಮಗಳು.

ಆ ವಾರ ಹಣ್ಣು ಹಿಡಿದು ನೋಡಲು ಬಂದ ಸಹೋದ್ಯೋಗಿಯೊಬ್ಬರು ಮಂಚದ ತುದಿಯಲ್ಲಿ ಕೂತು, "ಅಂಥಾದ್ದು ಏನು ಮಾಡಿದ್ರಿ?" ಎಂದು ಮೆಲ್ಲಗೆ ಕೇಳಿದರಂತೆ. ಹೊಲಿಗೆ ಬಿಚ್ಚದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಲ್ಯಾಬಣ್ಣ ತಾವೇನು ಮಾಡಿದೆವೆಂದು ನೆನಪಿಸಿಕೊಳ್ಳಲು ಹೊರಟರಂತೆ. ಪ್ರಾಮಾಣಿಕರ ಪಾಡೇ ಇದು. ಆರೋಪ ಕಿವಿಗೆ ಬಿದ್ದೊಡನೆ ಮೊದಲು ಹುಡುಕುವುದು ತಮ್ಮದೇ ತಪ್ಪನ್ನು.

ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಬರುವ ವರ್ಷ ಅವರ ಮೊಮ್ಮಗಳು ಇದೇ ಕಾಲೇಜಿಗೆ ಸೇರಲಿದ್ದಾಳೆ. ಬೀದಿಯಲ್ಲಿ ಕೆಲವರು ಈಗಲೂ ಅವರನ್ನು "ಪಾಪ, ಕೊನೇಲಿ ಹೀಗಾಗ್ಬಾರ್ದಿತ್ತು" ಎಂದು ಮಾತಾಡಿಸುತ್ತಾರೆ. ಮರುಕ ತೋರಿಸುವವರಿಗೆ ಎದುರು ವಾದಿಸುವುದು ಹೇಗೆಂದು ಅವರಿಗೆ ತಿಳಿಯುತ್ತಿಲ್ಲ.

ಇಷ್ಟಾದರೂ ಪತ್ರಿಕೆಯಲ್ಲಿ ತಿದ್ದುಪಡಿ ಬರಲಿಲ್ಲ. ಹದಿನೇಳರಲ್ಲಿ ಇಲ್ಲ, ಹದಿನೆಂಟರಲ್ಲಿ ಇಲ್ಲ, ಹತ್ತೊಂಬತ್ತರಲ್ಲಿ ಇಲ್ಲ. ಜಾಲತಾಣದಲ್ಲಿ ಮಾತ್ರ ಯಾರೋ ಸದ್ದಿಲ್ಲದೆ ವ ಅಳಿಸಿ ರ ಬರೆದರು. ಅಳಿಸುವುದಕ್ಕೂ ತಿದ್ದುವುದಕ್ಕೂ ಇರುವ ಅಂತರವನ್ನು ನಮಗೆ ಮೂರನೆಯ ತರಗತಿಯಲ್ಲೇ ಹೇಳಿಕೊಟ್ಟಿದ್ದರು: ತಪ್ಪಿನ ಮೇಲೆ ಒಂದು ಗೆರೆ ಎಳೆ, ಪಕ್ಕದಲ್ಲಿ ಸರಿಯಾದದ್ದನ್ನು ಬರೆ, ತಪ್ಪು ಕಾಣುವಂತಿರಲಿ. ಮೂರನೆಯ ತರಗತಿಯ ಈ ಶಿಸ್ತನ್ನು ಪದವಿಯ ಹೊತ್ತಿಗೆ ಮರೆಸಿಬಿಡುವ ಶಿಕ್ಷಣಕ್ಕೆ ಏನೆನ್ನೋಣ?

ಸೂಜಿಯಕ್ಕ ಓದಿದ್ದು ಏಳನೆಯ ತರಗತಿಯವರೆಗೆ. ಅವರ ಅಪ್ಪ ಇದೇ ಕೋಣೆಯಲ್ಲಿ ಬೈಂಡರ್ ಆಗಿದ್ದರು. ಪತ್ರಿಕೆಯ ಮೊದಲ ಮೂರು ಸಂಪುಟಗಳು ಅವರ ಕೈಯವು. ಅಪ್ಪನ ಬಲಗೈ ಸ್ವಾಧೀನ ತಪ್ಪಿದ ವರ್ಷ, ಇಪ್ಪತ್ತರ ಮಗಳು ದಬ್ಬಣ ಹಿಡಿದಳು. ಅಂದಿನಿಂದ ಮೂವತ್ತೇಳು ಸಂಪುಟಗಳನ್ನು ಹೊಲಿದು ಮುಗಿಸಿದ್ದಾರೆ. ಇದರ ಜೊತೆಗೆ ದಿನಕ್ಕೆ ಆರೇಳು ಹರಿದ ಪುಸ್ತಕಗಳು, ವರ್ಷಕ್ಕೆ ಹತ್ತಿರಹತ್ತಿರ ಸಾವಿರದ ಎಂಟುನೂರು. ಒಂದು ಸಂಪುಟಕ್ಕೆ ಇಪ್ಪತ್ತು ಸಂಚಿಕೆ, ಸಂಚಿಕೆಗೆ ಏಳು ತೂತು, ನೂರಾ ನಲವತ್ತು ಸಲ ಸೂಜಿ ಒಳಹೋಗಿ ಹೊರಬರಬೇಕು. ಎಡಗಣ್ಣಿಗೆ ಪೊರೆ ಬಂದಿರುವುದರಿಂದ ಈಗ ದಾರ ಪೋಣಿಸಲು ಮೂರು ಸಲ ಬೇಕಾಗುತ್ತದೆ. ಮೂರನೆಯ ಸಲವೂ ತಪ್ಪಿದರೆ, "ಇವನ ಮನೆ ಹಾಳಾಗ" ಎಂದು ದಾರವನ್ನೇ ಬಯ್ಯುತ್ತಾರೆ.

ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದವರು. ತೀರಿಕೊಂಡು ಹನ್ನೊಂದು ವರ್ಷ. ಎರಡು ಕೋಣೆಯ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಮಗಳಿಗೆ ಅಮ್ಮನ ಹಟ ದಿಗಿಲು ಹುಟ್ಟಿಸಿದೆ. "ಬರೆದವರು ಅವರು, ಅಚ್ಚು ಹಾಕಿದವರು ಅವರು. ನಿನಗ್ಯಾಕಮ್ಮ ತಲೆನೋವು?" ಎಂದು ಬುಧವಾರ ಸಂಜೆ ಮತ್ತೆ ಕೇಳುತ್ತಾಳೆ.

"ಹೊಲಿಯೋದು ನಾನಲ್ವಾ?"

"ನಿನ್ನನ್ನ ತೆಗೆದುಹಾಕಿದ್ರೆ?"

"ಆಗ ಪತ್ರಿಕೇಲಿ ವಜಾ ಅಂತ ಸರಿಯಾಗೇ ಬರೀಬಹುದು ಬಿಡು," ಎಂದು ಅಮ್ಮ ನಗಿಸಲು ನೋಡುತ್ತಾರೆ. ಮಗಳು ನಗುವುದಿಲ್ಲ. ಆ ರಾತ್ರಿ ಅಮ್ಮನೂ ಊಟ ಅರ್ಧಕ್ಕೇ ಬಿಟ್ಟೇಳುತ್ತಾರೆ.

ಸೋಮವಾರದ ಪ್ರದರ್ಶನಕ್ಕೆ "ಅಂದು, ಇಂದು" ಎಂದು ಹೆಸರಿಟ್ಟಿದ್ದಾರೆ. ಜೊತೆಗೊಂದು ಚರ್ಚೆಯೂ ಇದೆ: ವಿದ್ಯಾರ್ಥಿ ಪತ್ರಿಕೆಯ ಗುಣಮಟ್ಟ ತಲೆಮಾರಿನಿಂದ ತಲೆಮಾರಿಗೆ ಏರಿದೆಯೋ ಇಳಿದಿದೆಯೋ? ಹಳೆಯ ವಿದ್ಯಾರ್ಥಿಗಳು ಇಳಿದಿದೆ ಎನ್ನುವುದಕ್ಕೆ ಸಿದ್ಧರಾಗಿ ಬರುತ್ತಾರೆ, ಈಗಿನವರು ಏರಿದೆ ಎನ್ನುವುದಕ್ಕೆ. ಮೂವತ್ತೆಂಟು ವರ್ಷಗಳ ಪ್ರತಿ ಪುಟವನ್ನೂ ಕೈಯಾರೆ ಮಡಚಿ ನೋಡಿದ ಒಬ್ಬರೇ ಒಬ್ಬರನ್ನು ಮಾತ್ರ ಯಾರೂ ಕರೆದಿಲ್ಲ. ಕರೆಯಬೇಕೆಂದು ಹೊಳೆದೂ ಇಲ್ಲ.

ಪುಟಸಂಖ್ಯೆ ತಪ್ಪದಂತೆ ಜೋಡಿಸಲು ಬೈಂಡರ್ ಪ್ರತಿ ಪುಟವನ್ನೂ ನೋಡಲೇಬೇಕು. ನೋಡುತ್ತ ನೋಡುತ್ತ ಓದು ಹತ್ತಿಕೊಂಡಿತು. ಕೇಳಿದರೆ ಸೂಜಿಯಕ್ಕ ಮುಲಾಜಿಲ್ಲದೆ ತೀರ್ಪು ಕೊಡುತ್ತಾರೆ.

"ಹಳಬರು ಬಂದು, ನಮ್ಮ ಕಾಲದ ಪತ್ರಿಕೆ ಅಂದ್ರೆ ಪತ್ರಿಕೆ ಅಂತಾರೆ. ನಾನು ಸುಮ್ನೆ ಕೇಳಿಸ್ಕೋತೀನಿ. ಅವರ ಕಾಲದ್ದು ಅರ್ಧ ಪಠ್ಯಪುಸ್ತಕ ನೋಡಿ ಇಳಿಸಿದ್ದು, ಇನ್ನರ್ಧ ಕವನ. ಚಂದ್ರ ಇಲ್ಲದ ಸಂಚಿಕೆ ತೋರಿಸಿ ನೋಡೋಣ! ಹುಡುಗಿ ಹೆಸರು ಮೊದಲು ಬಂದಿದ್ದೇ ಹನ್ನೊಂದನೇ ಸಂಪುಟದಲ್ಲಿ, ಅದೂ ರಂಗೋಲಿ ಹಾಗೆ ಮೂಲೇಲಿ. ಈಗಿನ ಮಕ್ಕಳು ಹಾಸ್ಟೆಲಿನ ನೀರು ಪರೀಕ್ಷೆಗೆ ಕಳಿಸಿ ಬರೀತಾರೆ. ಗಾಲಿಕುರ್ಚಿ ಹುಡುಗ ಮಹಡಿ ಹತ್ತೋದು ಹೇಗೆ ಅಂತ ಕೇಳ್ತಾರೆ. ಆ ಪ್ರಶ್ನೆ ಆಗಿನವರ ಬಾಯಿಗೇ ಬರ್ತಿರ್ಲಿಲ್ಲ."

ಹಾಗಾದರೆ ಏರಿದೆ ಎನ್ನೋಣವೇ?

"ಗೋಡೆ ನೋಡಿ," ಎನ್ನುತ್ತಾರೆ.

ಗೋಡೆಯ ಮೇಲೆ ಮೊಳೆಗಳ ಸಾಲು. ಪ್ರತಿ ಮೊಳೆಗೂ ಹೊಲಿಗೆಯಲ್ಲಿ ಉಳಿದ ಒಂದೊಂದು ದಾರದ ತುಂಡು. ಒಟ್ಟು ಮೂವತ್ತೇಳು. ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ಮೊದಲ ವರ್ಷದಿಂದಲೂ "ನಮ್ಮಿಂದಾದ ತಪ್ಪು" ಎಂಬ ಚೌಕವಿರುತ್ತಿತ್ತು. ಹಿಂದಿನ ಸಂಚಿಕೆಯ ತಪ್ಪನ್ನು ಅಲ್ಲಿ ಒಪ್ಪಿಕೊಳ್ಳುವುದು ಪದ್ಧತಿ. ಒಪ್ಪಿಕೊಂಡ ಒಂದೊಂದು ತಪ್ಪಿಗೂ ಸೂಜಿಯಕ್ಕ ದಾರಕ್ಕೆ ಒಂದೊಂದು ಗಂಟು ಹಾಕುತ್ತ ಬಂದರು. ಮೊದಮೊದಲಿನ ದಾರಗಳು ಗಂಟುಗಳಿಂದ ದಪ್ಪಗಾಗಿವೆ, ಒಂದರಲ್ಲಿ ನಲವತ್ತಮೂರು. ಬರಬರುತ್ತ ಇಪ್ಪತ್ತು, ಒಂಬತ್ತು, ಆರು. ಕೊನೆಯ ಏಳು ದಾರಗಳು ನೆಟ್ಟಗೆ ನೇತಾಡುತ್ತಿವೆ, ಗಂಟೇ ಇಲ್ಲ. ಕಾಲೇಜಿಗೆ ದರ್ಜೆ ಕೊಡುವ ಸಮಿತಿಯ ಕಣ್ಣಿಗೆ ತಪ್ಪುಗಳ ಪಟ್ಟಿ ಬೀಳುವುದು ಬೇಡವೆಂದು ಪತ್ರಿಕೆಯ ಸಲಹೆಗಾರರಾದ ಉಪನ್ಯಾಸಕರು ಆ ಚೌಕವನ್ನೇ ತೆಗೆಸಿದರು. ತಪ್ಪುಗಳು ಒಂದೇ ಏಟಿಗೆ ಸೊನ್ನೆಯಾದವು. ದರ್ಜೆ ಏರಿತು.

"ಏಳು ವರ್ಷ ಒಬ್ಬರೂ ತಪ್ಪೇ ಮಾಡ್ಲಿಲ್ವಂತೆ," ಸೂಜಿಯಕ್ಕ ಒಂದು ಬರಿ ದಾರವನ್ನು ಬೆರಳಿಂದ ತಟ್ಟುತ್ತಾರೆ. "ದೇವರಿಗೂ ಇಷ್ಟು ಧೈರ್ಯ ಇರ್ಲಿಕ್ಕಿಲ್ಲ."

ಗುರುವಾರ ಮಧ್ಯಾಹ್ನ ಸಂಪಾದಕಿ ಬರುತ್ತಾಳೆ. ಪದವಿಯ ಕೊನೆಯ ವರ್ಷದವಳು. ಹಾಸ್ಟೆಲ್ ನೀರಿನ ವರದಿ ಬರೆದು ಕೊಳಾಯಿ ಬದಲಿಸುವಂತೆ ಮಾಡಿದ ಹುಡುಗಿ ಇವಳೇ. ಬಾಗಿಲಲ್ಲೇ ಶುರುಮಾಡುತ್ತಾಳೆ.

"ಸೂಜಿಯಕ್ಕ, ನನ್ನ ವರ್ಷದ ಸಂಪುಟ ಮಾತ್ರ ಪ್ರದರ್ಶನದಲ್ಲಿ ಇರಲ್ಲ ಅಂದ್ರೆ ಹೇಗೆ? ಎಲ್ಲರೂ ನನ್ನ ಮೇಲೇನೋ ದ್ವೇಷ ಇದೆ ನಿಮಗೆ ಅಂತಿದಾರೆ."

"ಬಾಮ್ಮ ಸಂಪಾದಕಿ. ಕೂತ್ಕೋ. ತಲೆ ಜೋಪಾನ."

"ಅದನ್ನ ಆವತ್ತೇ ಆನ್‌ಲೈನಲ್ಲಿ ಸರಿ ಮಾಡಿದ್ವಲ್ಲ."

"ಅಚ್ಚಾಗಿದ್ದು ಎಷ್ಟು?"

"ಎಂಟುನೂರು."

"ಎಂಟುನೂರು ಮನೆಗೂ ಹೋಗಿ ಬಾಗಿಲು ತಟ್ಟಿ ಸರಿ ಮಾಡಿದ್ಯಾ?"

ಹುಡುಗಿ ಸ್ಟೂಲು ಎಳೆದು ಕೂರುತ್ತಾಳೆ. "ತಿದ್ದುಪಡಿ ಹಾಕೋಕೆ ಸಲಹೆಗಾರರು ಬಿಡಲ್ಲ ಅಕ್ಕ. ಪದವಿ ಮುಗಿಸಿ ಹೋಗೋಳು ನಾನು, ಅವರದ್ದೊಂದು ಶಿಫಾರಸು ಪತ್ರ ಬೇಕು. ಅಲ್ದೆ ಒಂದು ಅಕ್ಷರ ತಾನೇ? ಹಿಂದಿನವರೇನು ತಪ್ಪು ಮಾಡಿಲ್ವಾ?"

"ಅಯ್ಯೋ, ಮಾಡದೇನು! ನೋಡಿಲ್ಲಿ."

ಸೂಜಿಯಕ್ಕ ಕಪಾಟಿನಿಂದ ಒಂಬತ್ತನೆಯ ಸಂಪುಟ ಇಳಿಸುತ್ತಾರೆ. ಆಗಿನ ಗ್ರಂಥಪಾಲಕರು ಪುಸ್ತಕ ಕೊಡುವುದರಲ್ಲಿ ಆಮೆಯಂತೆ. ವಿದ್ಯಾರ್ಥಿಯೊಬ್ಬ ಅದರ ಬಗ್ಗೆ ಖಾರವಾಗಿ ಬರೆದ: ಗ್ರಂಥಪಾಲಕರ ನಿಧಾನದಿಂದ ವಿದ್ಯಾರ್ಥಿಗಳಿಗೆ ತೊಂದರೆ. ಅಚ್ಚಿನಲ್ಲಿ ಒಂದು ದೀರ್ಘ ಬಿದ್ದುಹೋಗಿ ಶೀರ್ಷಿಕೆ ಹೀಗಾಯಿತು: "ಗ್ರಂಥಪಾಲಕರ ನಿಧನದಿಂದ ವಿದ್ಯಾರ್ಥಿಗಳಿಗೆ ತೊಂದರೆ". ಮನೆಗೆ ಹಾರ ಬಂತಂತೆ. ಗ್ರಂಥಪಾಲಕರೇ ಬಾಗಿಲು ತೆರೆದು, ಸಹಿ ಹಾಕಿ, ಹಾರ ತೆಗೆದುಕೊಂಡರಂತೆ. ಮುಂದಿನ ವಾರದ ಚೌಕದಲ್ಲಿ ಎರಡು ಸಾಲು: "ಗ್ರಂಥಪಾಲಕರು ನಿಧನರಾಗಿಲ್ಲ. ನಿಧಾನವಾಗಿದ್ದಾರೆ, ಅಷ್ಟೆ. ಅವರ ಮತ್ತು ಮನೆಯವರ ಕ್ಷಮೆ ಬೇಡುತ್ತೇವೆ."

ಸಂಪಾದಕಿಗೆ ನಗು ತಡೆಯಲಾಗುವುದಿಲ್ಲ. ಮೇಜಿಗೆ ಹಣೆ ಹಚ್ಚಿ ನಗುತ್ತಾಳೆ. ಸೂಜಿಯಕ್ಕನೂ ಕಣ್ಣೊರೆಸಿಕೊಳ್ಳುತ್ತಾರೆ. ನಗು ಇಳಿದ ಮೇಲೆ ಮೆಲ್ಲಗೆ ಹೇಳುತ್ತಾರೆ:

"ಅವರೂ ನಿನ್ನ ವಯಸ್ಸಿನವರೇ ಕಣಮ್ಮ. ಅವರಿಗೂ ಸಲಹೆಗಾರರು ಇದ್ರು. ನಾನು ನಿನಗೆ ಬುದ್ಧಿ ಹೇಳಲ್ಲ. ಲ್ಯಾಬಣ್ಣನ ಮನೆ ಗೊತ್ತಲ್ಲ? ಒಂದ್ಸಲ ಹೋಗಿ ಅವರ ಮುಖ ನೋಡ್ಕೊಂಡು ಬಾ. ಆಮೇಲೂ ಬೇಡ ಅನ್ನಿಸಿದ್ರೆ ಬಂದು ಹೇಳು. ಹೊಲಿದುಕೊಡ್ತೀನಿ."

ಹುಡುಗಿ ಹೋಗಿ, ನೋಡಿ, ಬಂದು, ಬೇಡ ಎಂದರೆ? ಮಾತು ಕೊಟ್ಟಾಗಿದೆ. ಆ ದಿನ ಹರಿದ ಪುಸ್ತಕವೊಂದರ ಬೆನ್ನಿಗೆ ಬಟ್ಟೆಯನ್ನು ತಲೆಕೆಳಗಾಗಿ ಅಂಟಿಸಿಬಿಡುತ್ತಾರೆ. ಎಷ್ಟೋ ವರ್ಷಗಳಲ್ಲಿ ಇದೇ ಮೊದಲು.

ಶುಕ್ರವಾರ ಬೆಳಗ್ಗೆ ಏಳಕ್ಕೇ ಸಂಪಾದಕಿ ಹಾಜರು. ಮುಖ ಬಾಡಿದೆ.

"ಅವರು ಬೈತಾರೆ ಅಂದ್ಕೊಂಡು ಹೋದೆ ಅಕ್ಕ. ಬೈಲಿಲ್ಲ. ಕೂರಿಸಿ ಟೀ ಕೊಟ್ರು. 'ಆ ಹೆಡ್ಡಿಂಗು ನೀನೇ ಬರೆದಿದ್ದಾ ಮಗು? ಅಕ್ಷರ ದೊಡ್ಡದಾಗಿ ಚೆನ್ನಾಗಿ ಬಂದಿತ್ತು' ಅಂದ್ರು. ಬೈದಿದ್ರೇ ಚೆನ್ನಾಗಿರ್ತಿತ್ತು." ಅವಳು ಚೀಲದಿಂದ ಒಂದು ಕಾಗದ ತೆಗೆಯುತ್ತಾಳೆ. "ಬರ್ಕೊಂಡು ಬಂದಿದೀನಿ. ಮೊದಲನೇ ಪುಟಕ್ಕೇ ಹಾಕ್ತೀನಿ. ಸಲಹೆಗಾರರಿಗೆ ಹೇಳಾಯ್ತು. ಈಗ ಅವರು ನನ್ನ ಹತ್ರ ಮಾತಾಡ್ತಿಲ್ಲ."

ಸೂಜಿಯಕ್ಕ ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ಓದುತ್ತಾರೆ. ಒಮ್ಮೆ ಓದಿ, ಮತ್ತೆ ಓದಿ, ಕಾಗದ ಹಿಡಿದ ಕೈಯನ್ನು ಮಡಿಲಿಗೆ ಇಳಿಸುತ್ತಾರೆ.

"ಇದನ್ನ ಎಲ್ಲಿ ಬರೆದೆ?"

"ಫೋನಲ್ಲಿ. ಅದನ್ನೇ ಪ್ರಿಂಟ್ ತೆಗೆಸಿದೆ. ಯಾಕೆ?"

"ಲ್ಯಾಬ್ ಸಹಾಯಕರು ವಜಾ ಆಗಿರಲಿಲ್ಲ, ಮಂಜೂರಾದ ಸಜಾದ ಮೇಲಿದ್ದರು, ಅಂತ ಇದೆ."

ಹುಡುಗಿ ಕಾಗದ ಕಸಿದುಕೊಂಡು ನೋಡುತ್ತಾಳೆ. ಸಜಾ. ಅವಳ ಬೆರಳು ಬಯಸಿದ್ದನ್ನು ಬಿಟ್ಟು ಫೋನು ತನಗೆ ತೋಚಿದ್ದನ್ನು ಕೂರಿಸಿದೆ.

"ಕೆಲಸದಿಂದ ತೆಗೆದಿದ್ದು ಸಾಲದು ಅಂತ ಜೈಲಿಗೂ ಕಳಿಸ್ತಿದ್ಯಲ್ಲೇ!" ಸೂಜಿಯಕ್ಕ ನಗುತ್ತಲೇ ಪೆನ್ನು ಮುಂದೆ ಹಿಡಿಯುತ್ತಾರೆ. "ಪೆನ್ನು ತಗೋ. ಒಂದೊಂದೇ ಅಕ್ಷರ ಬಾಯಲ್ಲಿ ಹೇಳ್ಕೊಂಡು ಬರೀ. ಆಮೇಲೆ ಅಚ್ಚಿನ ಮನೇಲೂ ಪಕ್ಕದಲ್ಲೇ ನಿಂತಿರು. ಟೀಗೂ ಹೋಗ್ಬೇಡ."

ಇಬ್ಬರು ಹೆಂಗಸರು, ಒಬ್ಬರಿಗೆ ಐವತ್ತೆಂಟು, ಒಬ್ಬಳಿಗೆ ಇಪ್ಪತ್ತೊಂದು, ತಗ್ಗು ಕೋಣೆಯಲ್ಲಿ ತಲೆಗೆ ತಲೆ ತಾಗಿಸಿಕೊಂಡು ಐದು ಸಾಲಿನ ಒಂದು ತಿದ್ದುಪಡಿಯನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದುತ್ತಿದ್ದಾರೆ. ಪತ್ರಿಕೋದ್ಯಮದ ಪಾಠ ಎಲ್ಲಿ ನಡೆಯುತ್ತದೆ ಎಂದು ಆ ಕಾಲೇಜು ತಿಳಿಯಬಯಸಿದರೆ ಮೆಟ್ಟಿಲ ಕೆಳಗೆ ಬಗ್ಗಿ ನೋಡಬೇಕಿತ್ತು. ಬಗ್ಗುವವರು ಯಾರು?

ಶನಿವಾರ. ಅಚ್ಚಿನ ಮನೆಯಿಂದ ಬೆಳಗಿನ ಐದೂವರೆಗೇ ಕಟ್ಟು ಬಂದಿದೆ. ಸೂಜಿಯಕ್ಕ ಕಟ್ಟು ಬಿಚ್ಚಿ, ಮೇಲಿನ ಪ್ರತಿ ಎತ್ತಿ, ದೀಪದ ಕೆಳಗೆ ಹಿಡಿಯುತ್ತಾರೆ. ಮೊದಲ ಪುಟ, ಬಲ ಮೂಲೆ, ಚೌಕದೊಳಗೆ ದಪ್ಪಕ್ಷರ: ರಜಾ. ರ ಸರಿಯಾಗಿದೆ. ಜಾ ಸರಿಯಾಗಿದೆ. ಬೆರಳಿಂದ ಸವರಿ ನೋಡುತ್ತಾರೆ. ಮಸಿ ಇನ್ನೂ ಪೂರ್ತಿ ಆರಿಲ್ಲ.

ಆರೂ ಕಾಲಿಗೆ ಲ್ಯಾಬಣ್ಣ ಬರುತ್ತಾರೆ. ಹೊಟ್ಟೆಯ ಗಾಯದ ಕಡೆ ಒಂದು ಕೈ, ಇನ್ನೊಂದು ಕೈಯಲ್ಲಿ ಈ ತಿಂಗಳ ಪೊಟ್ಟಣ. ಪತ್ರಿಕೆ ಕೈಗೆತ್ತಿಕೊಂಡು ತಿದ್ದುಪಡಿ ಓದುತ್ತಾರೆ. ಆಮೇಲೆ ಮೇಜಿನ ಮೇಲಿನ ಹದಿನಾರನೆಯ ಸಂಚಿಕೆಯತ್ತ ನೋಡಿ ಕೇಳುತ್ತಾರೆ:

"ತಂಗಿ, ಇಷ್ಟು ಮಾಡಿದೀರಿ. ಇನ್ನೊಂದು ಮಾಡ್ತೀರಾ? ಆ ಹಾಳೆ ಕಿತ್ತುಬಿಡಿ. ಮೊಮ್ಮಗಳು ಮುಂದಿನ ವರ್ಷ ಇಲ್ಲೇ ಬರೋಳು. ಸಂಪುಟ ತೆಗೆದು ನೋಡಿದ್ರೆ ಮೊದಲು ಕಾಣೋದು ಅದೇ ಅಲ್ವಾ? ತಿದ್ದುಪಡಿ ಇರೋದು ನಾಲ್ಕು ಸಂಚಿಕೆ ಆದ್ಮೇಲೆ. ಅಲ್ಲೀವರೆಗೂ ಯಾರು ಓದ್ತಾರೆ?"

ಸೂಜಿಯಕ್ಕ ಒಲೆ ಆರಿಸುತ್ತಾರೆ.

"ಒಂದ್ಸಲ ಕಿತ್ತಿದೀನಿ ಅಣ್ಣ. ಯಾರಿಗೂ ಹೇಳಿಲ್ಲ. ಹದಿನೈದನೇ ಸಂಪುಟ. ಒಬ್ಬಳು ಹುಡುಗಿ, ಪರೀಕ್ಷೇಲಿ ನಕಲು ಮಾಡಿದ್ಲು ಅಂತ ಹೆಸರು ಸಮೇತ ಬಂತು. ಮಾಡಿರ್ಲಿಲ್ಲ. ವಿಚಾರಣೇಲಿ ಗೊತ್ತಾಯ್ತು. ಆ ವರ್ಷ ಸಂಪಾದಕ ಆಗ್ಲೇ ಊರು ಬಿಟ್ಟು ಹೋಗಿದ್ದ, ತಿದ್ದುಪಡಿ ಬರ್ಲೇ ಇಲ್ಲ. ಆ ಹುಡುಗಿ ಇಲ್ಲೇ, ನೀವು ನಿಂತಿರೋ ಜಾಗದಲ್ಲೇ ನಿಂತು ಅತ್ಲು. ನನಗೆ ತಡೀಲಿಲ್ಲ. ಹೊಲಿಯುವಾಗ ಆ ಹಾಳೆ ಕತ್ತರಿಸಿ ತೆಗೆದೆ. ಪುಣ್ಯದ ಕೆಲಸ ಅಂದ್ಕೊಂಡೆ."

"ಮತ್ತೆ?"

"ಮೂರು ವರ್ಷದ ಹಿಂದೆ ಬಂದಿದ್ಲು. ನಲವತ್ತು ದಾಟಿದೆ ಈಗ. ಸಂಪುಟ ತೆಗೆದು ನೋಡಿದ್ಲು. ಮೂರನೇ ಪುಟ ಇಲ್ಲ, ನಾಲ್ಕನೇದೂ ಇಲ್ಲ, ಕತ್ತರಿಸಿದ ಅಂಚು ಮಾತ್ರ ಇದೆ. ಏನಂದ್ಲು ಗೊತ್ತಾ? 'ಪುಟಾನೇ ಕಿತ್ತಿದಾರೆ ಅಂದ್ರೆ ನಾನು ಇನ್ನೆಂಥಾದ್ದು ಮಾಡಿರ್ಬೇಕು ಅಂತ ಜನ ಅಂದ್ಕೊಳ್ಳಲ್ವಾ ಅಕ್ಕ? ಸುಳ್ಳು ಅಂತ ತೋರಿಸೋಕೆ ಈಗ ನನ್ನ ಹತ್ರ ಆ ಸುಳ್ಳೂ ಇಲ್ಲ' ಅಂದ್ಲು."

ಕೋಣೆಯಲ್ಲಿ ಆರುತ್ತಿರುವ ಅಂಟಿನ ವಾಸನೆ. ಲ್ಯಾಬಣ್ಣ ಸ್ಟೂಲಿನ ಮೇಲೆ ಕೂರುತ್ತಾರೆ.

ಸೂಜಿಯಕ್ಕ ಒಂದು ಕಾಗದದ ಪಟ್ಟಿ ಕತ್ತರಿಸುತ್ತಾರೆ, ಬೆರಳಗಲದ್ದು. ಸಂಪುಟಗಳಲ್ಲಿ ತಮ್ಮ ಕೈಬರಹ ಎಂದೂ ಬೀಳಬಾರದೆಂದು ಅಪ್ಪ ಹಾಕಿಕೊಟ್ಟ ಕಟ್ಟಳೆಯನ್ನು ಮೊದಲ ಸಲ ಮುರಿದು, ಗುಂಡಗಿನ ಅಕ್ಷರಗಳಲ್ಲಿ ಬರೆಯುತ್ತಾರೆ: "ಈ ಸುದ್ದಿ ತಪ್ಪು. ಇದೇ ಸಂಪುಟದ ಇಪ್ಪತ್ತನೆಯ ಸಂಚಿಕೆ, ಮೊದಲ ಪುಟ ನೋಡಿ." ಹದಿನಾರನೆಯ ಸಂಚಿಕೆಯ ಮೂರನೆಯ ಪುಟದ ಅಂಚಿಗೆ ಅಂಟು ಸವರಿ, ಶೀರ್ಷಿಕೆಯ ಪಕ್ಕದಲ್ಲೇ, ಯಾವ ಅಕ್ಷರವೂ ಮುಚ್ಚದಂತೆ ಪಟ್ಟಿ ಕೂರಿಸುತ್ತಾರೆ. ಗ್ರಂಥಪಾಲಕರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಅವರಿಗೆ ತಿಳಿಯದು. ಕರಾರಿನ ಕಾಗದ ಈ ತಿಂಗಳೇ ಮೇಲಿನವರ ಮೇಜಿಗೆ ಹೋಗುತ್ತದೆ ಎಂಬುದು ಮಾತ್ರ ತಿಳಿದಿದೆ. ಪಟ್ಟಿಯನ್ನು ಹೆಬ್ಬೆರಳಿಂದ ಒತ್ತುತ್ತಾರೆ.

"ನನಗೆ ಇನ್ನೇನೂ ಬೇಡ ಅಣ್ಣ," ಎನ್ನುತ್ತಾರೆ. "ಆ ಹುಡುಗಿದೂ ಒಂದು ತಿದ್ದುಪಡಿ ಬರ್ಲಿ, ಇಪ್ಪತ್ತಾರು ವರ್ಷ ತಡ ಆದ್ರೂ ಸರಿ. ನಾನು ಕಿತ್ತಿದ್ದು ಅಂತಾನೂ ಬರೀಲಿ. ಸಂಪಾದಕಿಗೆ ಇವತ್ತು ಹೇಳ್ತೀನಿ."

ಲ್ಯಾಬಣ್ಣ ಪಟ್ಟಿಯನ್ನು ಓದುತ್ತಾರೆ. ಪಕ್ಕ ಇರುವ ವಜಾವನ್ನೂ ಓದುತ್ತಾರೆ. ಇಪ್ಪತ್ತೊಂಬತ್ತು ವರ್ಷ ಶೀಸೆಗಳಿಗೆ ಚೀಟಿ ಅಂಟಿಸಿದ ಕೈಯಿಂದ ಪಟ್ಟಿಯ ಎದ್ದ ಮೂಲೆಯೊಂದನ್ನು ಒತ್ತಿ ಕೂರಿಸುತ್ತಾರೆ.

"ಹೊಲಿಯಿರಿ ತಂಗಿ. ಬಿಗಿಯಾಗಿ ಹೊಲಿಯಿರಿ."

ಸೂಜಿಯಕ್ಕ ದಾರವನ್ನು ಬಲಗಣ್ಣಿನ ಹತ್ತಿರ ತಂದು ಪೋಣಿಸುತ್ತಾರೆ.

"ಬಿಗಿಯಾಗಿ ಬೇಡ ಅಣ್ಣ. ಬಿಗಿ ಹೊಲಿದ್ರೆ ಪುಸ್ತಕ ಪೂರ್ತಿ ತೆರ್ಕೊಳ್ಳಲ್ಲ, ಅಂಚಿನ ಸಾಲು ಒಳಗೇ ಉಳಿದುಬಿಡುತ್ತೆ. ನಾನು ಹೊಲಿದಿದ್ದು ಯಾವ ಪುಟಕ್ಕೆ ತೆರೆದ್ರೂ ಚಪ್ಪಟೆಯಾಗಿ ಬಿಚ್ಕೊಳ್ಳುತ್ತೆ. ಬೇಕಾದ್ರೆ ಮೊಮ್ಮಗಳಿಗೆ ತೆರೆದು ನೋಡೋಕೆ ಹೇಳಿ."